ಇನ್ನೊಂದು ಮಗ್ಗುಲು

ಇಲ್ಲ, ಅರಿಮುರಾ ಅವರೇ,
ಮೇಲಷ್ಟೇ ಬೆಂಕಿ ತಾಗಿಸಿ ಒಳಗೆ ಹಸಿ ಬಿಟ್ಟು ಕೊಡುವುದನ್ನು
ಈ ಅಂಗಡಿ ನಿಲ್ಲಿಸಿ ಎರಡು ವರ್ಷವಾಯಿತು.
ಗೋಡೆಯ ಪಟ್ಟಿ ನೋಡಿ,
ಆ ಸಾಲಿನ ಮೇಲೆ ಬಿಳಿ ಕಾಗದ ಅಂಟಿಸಿದ್ದೇನೆ.
ಹಬೆಗೆ ಅದರ ಅಂಚು ಏಳುತ್ತದೆ,
ಒತ್ತುತ್ತೇನೆ, ಮತ್ತೆ ಏಳುತ್ತದೆ.

ಗೊತ್ತು, ಕಾಗೊಶಿಮಾದಲ್ಲಿ ಹುಟ್ಟಿದವರಿಗೆ
ಇದನ್ನು ಹೇಳಬಾರದು.
ನಿಮ್ಮಜ್ಜ ತಿಂದರು, ನನ್ನಜ್ಜಿ ತಿಂದಳು,
ಮನೆಗೆ ನೆಂಟರು ಬಂದರೆ ಅಂಗಳದ ಹುಂಜ ಕೊಯ್ದು
ತೆಳ್ಳಗೆ ಸೀಳಿ, ಸಿಹಿ ಸೋಯಾದಲ್ಲಿ ಅದ್ದಿ,
ಶುಂಠಿ ಬೆಳ್ಳುಳ್ಳಿ ನಂಚಿಕೊಂಡು.
ಯಾರಿಗೆ ಏನಾಯಿತು ಹೇಳು ಎನ್ನುತ್ತಿದ್ದರು ಮಾವ ಕಿಯೋಜಿ.
ಏನೂ ಆಗದವರಷ್ಟೇ ಬಂದು ಕತೆ ಹೇಳುತ್ತಾರೆಂದು
ಆಗ ನನಗೆ ಹೊಳೆಯಲಿಲ್ಲ.

ನಾಲ್ಕನೇ ಕುರ್ಚಿ ಸಮೆಜಿಮಾ ಅವರದು.
ಅಂಚೆಯವರು. ಪಾಳಿ ಮುಗಿಸಿ
ಟೋಪಿಯ ಮೇಲಿನ ಬೂದಿ ಜಾಡಿಸಿ ಒಳಬರುತ್ತಿದ್ದರು.
ಬೆಟ್ಟ ಉಗುಳುವ ಬೂದಿಗೆ ಇಲ್ಲಿ ಎಲ್ಲರೂ ಅಂಜುತ್ತೇವೆ:
ಒಣಗಿದ ಬಟ್ಟೆ ಒಳತರುತ್ತೇವೆ, ಕೊಡೆ ಬಿಚ್ಚುತ್ತೇವೆ.
ಕಾಣುತ್ತದಲ್ಲ, ಅದಕ್ಕೆ.

ಮೇ ತಿಂಗಳ ಆ ಗುರುವಾರದ ಎದೆಮಾಂಸ
ಬೆಳಿಗ್ಗೆಯಷ್ಟೇ ಬಂದದ್ದು.
ಮೂಸಿದೆ. ಏನಿಲ್ಲ.
ತೊಳೆದ ಕಲ್ಲಿನ ಹಾಗೆ ಹೊಳೆಯುತ್ತಿತ್ತು.
ತಾಜಾ ಇದ್ದರೆ ತಂಟೆಯಿಲ್ಲ ಎಂದು ನಂಬಿದವಳು ನಾನು.
ಕೋಳಿಯ ಕರುಳಲ್ಲಿ ಅದು ಸುಮ್ಮನೆ ಬಾಳುತ್ತದಂತೆ,
ಕೋಳಿಗೆ ಏನೂ ಮಾಡದೆ,
ಹೊತ್ತಿಗೆ ಸರಿಯಾಗಿ ಬಾಡಿಗೆ ಕೊಡುವವನಂತೆ.
ಮಾಂಸ ತಾಜಾ ಇದ್ದಷ್ಟೂ ಅದೂ ತಾಜಾ.

ಮೂರನೇ ದಿನ ಜ್ವರ, ಹೊಟ್ಟೆ ಕಿವುಚಿ ರಕ್ತ ಬಿತ್ತು.
ವಾರ ಕಳೆದು ಬಂದರು,
ಬೆಲ್ಟಿನ ಹೊಸ ತೂತು ತೋರಿಸಿ ನಕ್ಕರು.
ನಾನೂ ನಕ್ಕೆ.
ಆ ನಗು ಇನ್ನೂ ಗಂಟಲಲ್ಲಿದೆ, ಮೂಳೆಯ ಚೂರು.

ಇನ್ನೊಂದು ವಾರಕ್ಕೆ ಕಾಲ್ಬೆರಳು ಜುಮ್ಮೆಂದವು.
ಬೂಟು ಬಿಗಿ ಅಂದುಕೊಂಡರು.
ಮರುದಿನ ಯಾರದೋ ಮನೆಯ ಮೂರನೇ ಮೆಟ್ಟಿಲಲ್ಲಿ
ಕೈಯಲ್ಲಿ ಕಾಗದ ಹಿಡಿದಂತೆಯೇ
ಕಾಲು ಅವರ ಮಾತು ಕೇಳಲಿಲ್ಲ.
ಸಂಜೆಗೆ ಮಂಡಿ, ಶನಿವಾರಕ್ಕೆ ಸೊಂಟ,
ಆಮೇಲೆ ಉಸಿರಿಗೂ ಯಂತ್ರ.
ಹೊಕ್ಕ ವೈರಿಯನ್ನು ಹೊಡೆಯಲು ಎದ್ದ ಮೈ
ಹೊಡೆಯುತ್ತಾ ಹೊಡೆಯುತ್ತಾ ತನ್ನ ನರಗಳಿಗೇ ಬಡಿಯಿತು ಎಂದರು ಡಾಕ್ಟರು.
ಕತ್ತಲಲ್ಲಿ ಕಳ್ಳನೆಂದು ಮನೆಯವರಿಗೇ ಬಡಿದ ಹಾಗೆ.

ಎರಡು ಗಂಟೆಗೊಮ್ಮೆ ನರ್ಸ್ ಬಂದು
ಅವರನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸುತ್ತಿದ್ದಳು.
ನೋಡುತ್ತಾ ನಿಂತ ನನ್ನ ಮಣಿಕಟ್ಟು ತಾನಾಗಿ ತಿರುಗಿತು,
ಮೂವತ್ತು ವರ್ಷ ಕೆಂಡದ ಮೇಲೆ ಕಡ್ಡಿ ತಿರುಗಿಸಿದ್ದು.
ಅಷ್ಟು ಜತನದಿಂದ ನಾನು ಎಂದೂ ತಿರುಗಿಸಿರಲಿಲ್ಲ.

ಆರೋಗ್ಯ ಕಚೇರಿಯ ಹುಡುಗಿ
ಹಲಗೆ, ಚಾಕು, ನಲ್ಲಿಯ ಹಿಡಿ
ಹತ್ತಿಯಿಂದ ಒರೆಸಿಕೊಂಡು ಹೋದಳು.
ಏನೂ ಸಿಗಲಿಲ್ಲ. ತಿಂಗಳಾಗಿತ್ತು, ಎಷ್ಟು ಸಲ ತೊಳೆದಿದ್ದೆನೋ.
"ನಿಮ್ಮ ಅಂಗಡಿಯದೇ ಎಂದು ಬರೆಯಲು ಬರುವುದಿಲ್ಲ" ಎಂದಳು.
ಮಾವ ಸೊಂಟ ಬಾಗಿಸಿ ವಂದಿಸಿದರು,
ತುಸು ಹೆಚ್ಚೇ ಹೊತ್ತು.
ಆ ವಾರ ಅವರು ಬೇರೆಲ್ಲಿ ತಿಂದಿರಬಹುದೆಂದು
ನಾನೂ ಲೆಕ್ಕ ಹಾಕಿದ್ದೇನೆ, ರಾತ್ರಿಗಳಲ್ಲಿ,
ಬೇಯದ ಒಂದು ತುಂಡಿಗೆ
ಇಡೀ ಬೇಯುತ್ತಾ.

ಹದಿನಾಲ್ಕು ತಿಂಗಳ ಮೇಲೆ ಕೋಲೂರಿ ಬಂದರು.
ಕುರ್ಚಿ ಹತ್ತಲು ಹೊತ್ತು ಹಿಡಿಯಿತು.
ಅವರ ಮುಖ ನೋಡಿ ಯಾರೂ ಕೈ ಕೊಡಲಿಲ್ಲ.
"ತೊಡೆ. ಬರೀ ಉಪ್ಪು."
ಸುಟ್ಟೆ. ಸೂಜಿ ಚುಚ್ಚಿ ಅಂಕಿ ನೋಡಿದೆ.
ನಂಬದೆ ಮತ್ತೆ ಸುಟ್ಟೆ.
ಅಂಚು ಕರಿಕಾಗಿ, ರಸವೆಲ್ಲ ಬತ್ತಿ,
ಮಾವ ಆ ಕಡೆ ತಿರುಗಿ ಲೋಟ ಒರೆಸತೊಡಗಿದರು.

ಅಗಿದರು. ಅಗಿಯುತ್ತಲೇ ಇದ್ದರು.
"ಮಿನೆಕೊ, ನನ್ನ ಬೂಟು ಇದಕ್ಕಿಂತ ಮೆತ್ತಗಿತ್ತು."
ಆಮೇಲೆ,
"ಇನ್ನೊಂದು ಕೊಡಿ."

ಹತ್ತೇ ನಿಮಿಷ, ಅರಿಮುರಾ ಅವರೇ.
ಅಷ್ಟರೊಳಗೆ ಬೇಯಿಸಿದ ಸೋಯಾಕಾಯಿ ಇಡಲೇ?
ಬೂದಿ ಬೀಳುವ ಹಾಗಿದೆ,
ಆ ಬಾಗಿಲು ಸ್ವಲ್ಪ ಎಳೆದುಬಿಡಿ.